ಬೆಂಕಿಯುಂಡೆ ಬರೆದುಕೊಳ್ಳದ ಮಂತ್ರವಾದಿ

ಬಾವಲಿ ಹಿಕ್ಕೆಯ ಒಂದು ಪುಟ್ಟ ಉಂಡೆ, ಜೊತೆಗೆ ಚಿಟಿಕೆ ಗಂಧಕ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ನಿಯಮದ ಪ್ರಕಾರ ಫೈರ್‌ಬಾಲ್ ಮಂತ್ರಕ್ಕೆ ಬೇಕಾದ ಸಾಮಗ್ರಿ ಇಷ್ಟು. ಹಿಕ್ಕೆಯಿಂದ ಪೆಟ್ಲುಪ್ಪು ತೆಗೆಯಬಹುದು, ಗಂಧಕ ಇದ್ದೇ ಇದೆ, ಇನ್ನು ಇದ್ದಿಲು ಸೇರಿದರೆ ಸಿಡಿಮದ್ದು ತಯಾರು. ಆಟ ಕಟ್ಟಿದವರ ತುಂಟತನ ಇದು. ಮಿಂಚಿನ ಮಂತ್ರಕ್ಕೆ ಒಂದಿಷ್ಟು ತುಪ್ಪಳ ಮತ್ತು ಗಾಜಿನ ಕಡ್ಡಿ ಬೇಕು. ಎರಡನ್ನೂ ಉಜ್ಜಿದರೆ ಏನಾಗುತ್ತದೆಂದು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಆದರೆ ಆಟಕ್ಕೆ ಕೂತಾಗ ಹಿಕ್ಕೆ ಎಲ್ಲಿಂದ ತಂದೆ ಎಂದು ಕೇಳುವವರು ಕಡಿಮೆ. ಸಾಮಗ್ರಿಯ ಚೀಲವೊಂದು ಸೊಂಟದಲ್ಲಿದೆ ಎಂದರಾಯಿತು. ಬೆಲೆ ನಮೂದಿಸದ ವಸ್ತುಗಳೆಲ್ಲ ಅದರಲ್ಲಿವೆ ಎಂದೇ ಲೆಕ್ಕ. ಎಂಟು ದಾಳ ಉರುಳಿಸು, ಕೂಡಿಸು, ಮುಂದಿನವರ ಸರದಿ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಂಡು, ಅದರ ಪರವಾಗಿ ಮಾತಾಡುತ್ತ, ತೀರ್ಮಾನ ತೆಗೆದುಕೊಳ್ಳುತ್ತ ಸಾಗುವ ಕಥೆಯಾಟ ಇದು. ಉಳಿದ ಜಗತ್ತನ್ನೆಲ್ಲ ಡಂಜನ್ ಮಾಸ್ಟರ್, ಅಂದರೆ ಡಿಎಂ, ನಡೆಸುತ್ತಾರೆ. ಕೈಹಾಕಿದ ಕೆಲಸ ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟವನ್ನು ಈಗ ಬೆಂಗಳೂರಿನಲ್ಲೂ ತಂಡ ಕಟ್ಟಿಕೊಂಡು ಆಡುತ್ತಾರೆ.

ಆಡುವವರೆಲ್ಲರಿಗೂ ತಮ್ಮ ಮಂತ್ರವಾದಿ ಬೇರೆಯವರ ಹಾಗಿರಬಾರದು ಎಂಬ ಆಸೆ. ಒಬ್ಬರು ಅವನಿಗೆ ಕೊಂಬು ಬರೆಸುತ್ತಾರೆ, ಇನ್ನೊಬ್ಬರು ಆಮೆಯ ಜಾತಿಯಲ್ಲಿ ಹುಟ್ಟಿಸುತ್ತಾರೆ, ಮತ್ತೊಬ್ಬರು ಎರಡು ಮೂರು ವೃತ್ತಿಗಳನ್ನು ಬೆರೆಸಿ ಯಾರೂ ಕೇಳರಿಯದ ಮಿಶ್ರಣ ಮಾಡುತ್ತಾರೆ. ಐದನೇ ಲೆವೆಲ್ಲಿಗೆ ಬಂದಾಗ ನೋಡಿದರೆ ಬಹುಪಾಲು ಎಲ್ಲರ ಕೈಯಲ್ಲೂ ಅದೇ ಫೈರ್‌ಬಾಲ್. ಬಣ್ಣ ಬೇರೆ, ಬಂದೂಕು ಒಂದೇ. ನನ್ನ ವಾದ ಹೀಗಿದೆ: ವಿಶಿಷ್ಟ ಮಂತ್ರವಾದಿಯನ್ನು ಕಟ್ಟಬೇಕಾದರೆ ಅವನು ಏನು ಮಾಡಬಲ್ಲ ಎಂಬಲ್ಲಿಂದ ಹೊರಡಬಾರದು. ಅವನಿಂದ ಏನು ಆಗದು, ಆಗುವುದಕ್ಕಾದರೂ ಅವನು ಏನು ತೆರಬೇಕು ಎಂಬಲ್ಲಿಂದ ಹೊರಡಬೇಕು. ಜೊತೆಗೊಂದು ಷರತ್ತು: ತೆರುವವನು ಅವನೇ ಆಗಿರಬೇಕು, ಪಕ್ಕದಲ್ಲಿ ಕೂತ ಗೆಳೆಯರಲ್ಲ.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತೇನಲ್ಲ. ಆಟ ಹುಟ್ಟಿದ್ದೇ ಹೀಗೆ. ಮಂತ್ರದ ನಿಯಮಕ್ಕೆ ಗೈಗ್ಯಾಕ್ಸ್ ಮೊರೆಹೋದದ್ದು ಜ್ಯಾಕ್ ವಾನ್ಸ್ ಎಂಬ ಕಾದಂಬರಿಕಾರನನ್ನು. 1950ರಲ್ಲಿ ಬಂದ ವಾನ್ಸ್‌ನ ‘ದ ಡೈಯಿಂಗ್ ಅರ್ಥ್’ನಲ್ಲಿ ಸೂರ್ಯನೇ ಆರಿಹೋಗುತ್ತಿರುವ ಕಾಲ, ವಿದ್ಯೆಯೆಲ್ಲ ನಶಿಸಿದೆ, ಅಳಿದುಳಿದ ಮಂತ್ರವಾದಿಗಳು ಹಳೆಯ ಪುಸ್ತಕಗಳಿಂದ ನಾಲ್ಕಾರು ಮಂತ್ರಗಳನ್ನು ಕಷ್ಟಪಟ್ಟು ತಲೆಗೆ ತುಂಬಿಕೊಳ್ಳುತ್ತಾರೆ. ಒಮ್ಮೆ ಉಚ್ಚರಿಸಿದರೆ ಮುಗಿಯಿತು, ಮಂತ್ರ ನೆನಪಿನಿಂದ ಅಳಿಸಿಹೋಗುತ್ತದೆ. ಮತ್ತೆ ಪುಸ್ತಕ ಬಿಚ್ಚಬೇಕು. ಯುದ್ಧದಾಟಗಳಿಂದ ಬಂದ ಗೈಗ್ಯಾಕ್ಸ್‌ಗೆ ಈ ಏರ್ಪಾಟು ಅನುಕೂಲವಾಗಿ ಕಂಡಿತು: ಮಂತ್ರವೆಂದರೆ ಎಣಿಸಿಟ್ಟ ಮದ್ದುಗುಂಡು, ಮುಗಿದರೆ ಮುಗಿಯಿತು. ಆಗಿನ ಮೊದಲ ಲೆವೆಲ್ಲಿನ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ. 1970ರ ದಶಕದ ಕೊನೆಯ ನಿಯಮಗಳಲ್ಲಂತೂ ಅವನ ಜೀವಬಲ ನಾಲ್ಕು ಮುಖದ ದಾಳದ ಮೇಲೆ ನಿಂತಿತ್ತು. ದಾಳದಲ್ಲಿ ಒಂದು ಬಿದ್ದರೆ ಬೆಕ್ಕು ಪರಚಿದರೂ ಸಾಯಬೇಕು. ಆ ಒಂದು ಮಂತ್ರವನ್ನು ಯಾವಾಗ ಆಡಬೇಕು ಎಂಬ ತಳಮಳದಲ್ಲೇ ಇಡೀ ಪಾತ್ರ ಮೈದಳೆಯುತ್ತಿತ್ತು. ಅವನಿಗೆ ಕೊಂಬು ಬೇಕಿರಲಿಲ್ಲ.

2014ರ ಐದನೇ ಆವೃತ್ತಿಯ ಹೊತ್ತಿಗೆ ಈ ತಳಮಳ ಬಹುಮಟ್ಟಿಗೆ ಹೋಗಿತ್ತು. ಕ್ಯಾಂಟ್ರಿಪ್ ಎಂಬ ಕಿರುಮಂತ್ರಗಳನ್ನು ದಿನವಿಡೀ ಎಷ್ಟು ಸಲ ಬೇಕಾದರೂ ಆಡಬಹುದು; ಬೆಂಕಿಯ ಬಾಣವೊಂದು ಪ್ರತಿ ಸರದಿಗೂ ಸಿದ್ಧ. ಹಳಬರು ಇದನ್ನು ಕಂಡು ಲೊಚಗುಟ್ಟುತ್ತಾರೆ. ನನಗೆ ಅಂಥ ವ್ಯಥೆಯಿಲ್ಲ. ಇದ್ದ ಒಂದು ಮಂತ್ರವನ್ನು ಸಂಜೆಯ ಮೊದಲ ಹತ್ತು ನಿಮಿಷದಲ್ಲಿ ಆಡಿ ಮುಗಿಸಿ, ಮಿಕ್ಕ ಮೂರು ಗಂಟೆ ಚೂರಿ ಹಿಡಿದು ಹಿಂದೆ ನಿಲ್ಲುವುದು ಆಟಗಾರನಿಗೆ ಸುಖದ ವಿಷಯವೇನಲ್ಲ. ಆದರೆ ಬದಲಾವಣೆಯ ಪರಿಣಾಮವನ್ನು ಗಮನಿಸಬೇಕು. ಹಿಂದೆ ಮಿತಿಯನ್ನು ನಿಯಮಪುಸ್ತಕವೇ ಹೇರುತ್ತಿತ್ತು, ಪಾತ್ರಕ್ಕೆ ಕೊರತೆ ತಾನಾಗಿ ಬರುತ್ತಿತ್ತು. ಈಗ ಪುಸ್ತಕ ಧಾರಾಳಿಯಾಗಿದೆ. ಕೊರತೆ ಬೇಕಾದರೆ ಆಟಗಾರನೇ ಹುಡುಕಿ ತರಬೇಕು.

ನಮ್ಮ ಪುರಾಣ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕರ್ಣನಿಗೆ ಅಸ್ತ್ರದ ಮಂತ್ರ ಬೇಕಾದ ಗಳಿಗೆಯಲ್ಲೇ ಮರೆಯಬೇಕೆಂದು ಪರಶುರಾಮನ ಶಾಪ. ಅಶ್ವತ್ಥಾಮನಿಗೆ ಅಸ್ತ್ರವನ್ನು ಬಿಡಲು ಬರುತ್ತದೆ, ಹಿಂದಕ್ಕೆ ಕರೆಯಲು ಬರುವುದಿಲ್ಲ. ಅವನ ಇಡೀ ಸ್ವಭಾವ ಆ ಒಂದು ಕೊರತೆಯಲ್ಲಿದೆ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವವನು ಕಚ. ಸಾವಿರ ವರ್ಷ ಶುಕ್ರಾಚಾರ್ಯನ ಸೇವೆ ಮಾಡಿ, ಮತ್ತೆ ಮತ್ತೆ ಕೊಲೆಯಾಗಿ, ಕೊನೆಗೆ ಗುರುವಿನ ಹೊಟ್ಟೆಯೊಳಗೇ ಸಂಜೀವಿನಿ ಕಲಿತು, ಆ ಹೊಟ್ಟೆ ಸೀಳಿ ಹೊರಬಂದವನು. ಗುರುವಿನ ಮಗಳು ದೇವಯಾನಿಯ ಮದುವೆಯ ಮಾತಿಗೆ ಒಪ್ಪದೆ ಹೋದಾಗ ಆ ವಿದ್ಯೆ ನಿನಗೆ ಫಲಿಸದಿರಲಿ ಎಂದು ಅವಳು ಶಪಿಸುತ್ತಾಳೆ. ಆಗಲಿ, ನಾನು ಕಲಿಸಿದವರಿಗೆ ಫಲಿಸುತ್ತದೆ ಎಂದು ಅವನು ಹೊರಟುಹೋಗುತ್ತಾನೆ. ಎಲ್ಲರಿಗಿಂತ ದೊಡ್ಡ ಮಂತ್ರ ಬಲ್ಲವನು, ತಾನು ಮಾತ್ರ ಪ್ರಯೋಗಿಸಲಾರ, ಇನ್ನೊಬ್ಬರಿಗೆ ಕಲಿಸಬಲ್ಲ. ಆಟದ ಮೇಜಿಗೆ ಇಂಥವನನ್ನು ತಂದರೆ ಗುಂಪಿನಲ್ಲಿ ಅವನ ಜಾಗ ಎಲ್ಲಿ, ಅವನಿಗೆ ಯಾರು ಬೇಕು, ಅವನು ಯಾರ ಮೇಲೆ ಸಿಡುಕುತ್ತಾನೆ, ಇವೆಲ್ಲ ಮೊದಲ ದಿನವೇ ಗೊತ್ತಾಗಿಬಿಡುತ್ತದೆ. ಹುಟ್ಟೂರು, ತಂದೆತಾಯಿ, ಕಣ್ಣಿನ ಬಣ್ಣ ಆಮೇಲೆ ಬರೆದುಕೊಳ್ಳಬಹುದು.

ಇಲ್ಲಿ ಲೆಕ್ಕದ ಜಾಣರು ತಕರಾರು ತೆಗೆಯುತ್ತಾರೆ. ನಿಯಮಗಳನ್ನು ಹೊಸ ರೀತಿಯಲ್ಲಿ ಜೋಡಿಸುವುದೇ ವಿಶಿಷ್ಟತೆ ಅಲ್ಲವೇ ಎಂದು. ಇವರನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ನಿಯಮಪುಸ್ತಕವನ್ನು ಅಡಿಟಿಪ್ಪಣಿ ಸಮೇತ ಓದುವವರು ಇವರು. ಇವರ ಮೂಲಪುರುಷ ಯಾರೆಂದರೆ, ಪುರುಷನಲ್ಲ, ಮಾದ್ರಿ. ಕುಂತಿ ಒಂದು ಆವಾಹನೆಗೆಂದು ಮಂತ್ರ ಕೊಟ್ಟಳು. ಮಾದ್ರಿ ಅಶ್ವಿನಿ ದೇವತೆಗಳನ್ನು ಕರೆದಳು. ಕರೆ ಒಂದು, ಬಂದವರು ಇಬ್ಬರು, ಮಕ್ಕಳೂ ಇಬ್ಬರು. ಎರಡನೇ ಸಲ ಕೇಳಿದಾಗ, ಮೋಸ ಹೋದೆ ಎಂದು ಕುಂತಿ ಕೊಡಲಿಲ್ಲ. ಈ ಆಟದ ಲೋಕದಲ್ಲಿ ಇದಕ್ಕೆ ಸರಿಸಾಟಿಯಾಗಿ ‘ಕಾಫಿಲಾಕ್’ ಎಂಬ ಹೆಸರಾಂತ ಜೋಡಣೆಯಿದೆ. ವಾರ್ಲಾಕ್ ಎಂಬ ವೃತ್ತಿಯವನಿಗೆ ಒಂದು ಗಂಟೆ ದಣಿವಾರಿಸಿಕೊಂಡರೆ ಮಂತ್ರಶಕ್ತಿ ಮರಳುತ್ತದೆ. ಸಾರ್ಸರರ್ ಎಂಬ ಇನ್ನೊಂದು ವೃತ್ತಿಯವನು ಆ ಶಕ್ತಿಯನ್ನು ಕರಗಿಸಿ ಬೇರೆ ರೂಪದಲ್ಲಿ ಕೂಡಿಡಬಲ್ಲ. ಕೂಡಿಟ್ಟದ್ದು ಇಲ್ಲವಾಗುವುದು ರಾತ್ರಿಯ ದೀರ್ಘ ವಿಶ್ರಾಂತಿ ಮುಗಿದಾಗ ಮಾತ್ರ. ಎರಡನ್ನೂ ಬೆರೆಸಿ, ರಾತ್ರಿ ವಿಶ್ರಾಂತಿಯನ್ನೇ ಬಿಟ್ಟರೆ? ಕೊನೆಯಿಲ್ಲದ ಮಂತ್ರ. ಕಾಫಿ ಕುಡಿದು ಎಚ್ಚರವಿರುವ ಮಾಟಗಾರ! 2017ರ ‘ಕ್ಸಾನಥಾರ್ಸ್ ಗೈಡ್ ಟು ಎವ್ರಿಥಿಂಗ್’ ಪುಸ್ತಕ ವಿಶ್ರಾಂತಿ ಬಿಟ್ಟವರಿಗೆ ದಿನ ಕಳೆದಂತೆ ಬಳಲಿಕೆ ಏರುವ ನಿಯಮ ತಂದಿತು. ಅದೇ ಪುಸ್ತಕ ವಾರ್ಲಾಕ್‌ಗೆ ನಿದ್ದೆಯೇ ಬೇಡವೆನಿಸುವ ವರವನ್ನೂ ಕೊಟ್ಟಿತು. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಕಾಫಿಲಾಕ್‌ನ ಉಪಾಯ ಕಂಡುಹಿಡಿದ ಮೊದಲಿಗ ನಿಜಕ್ಕೂ ವಿಶಿಷ್ಟ. ಎರಡನೆಯವನು ನಕಲು. ಲೆಕ್ಕದಿಂದ ಹುಟ್ಟಿದ ವಿಶಿಷ್ಟತೆಗೆ ಇರುವ ತೊಡಕು ಇದೇ: ಅದು ಸೂತ್ರವಾದದ್ದರಿಂದ ಯಾರು ಬೇಕಾದರೂ ಬರೆದುಕೊಳ್ಳಬಹುದು. ಇನ್ನೂ ದೊಡ್ಡ ತೊಡಕೆಂದರೆ, ನಿದ್ದೆಯಿಲ್ಲದೆ ತಿಂಗಳುಗಟ್ಟಲೆ ಬದುಕುವವನ ಮನಸ್ಸು ಹೇಗಿರುತ್ತದೆ ಎಂದು ಆ ಜೋಡಣೆ ಮಾಡುವವರು ಕೇಳಿಕೊಳ್ಳುವುದು ಅಪರೂಪ. ಕೇಳಿಕೊಂಡರೆ ಅದರಷ್ಟು ಒಳ್ಳೆಯ ಪಾತ್ರ ಇನ್ನೊಂದಿಲ್ಲ. ಗೆಳೆಯರು ಮಲಗಿರುವ ಎಂಟು ಗಂಟೆ, ಪ್ರತಿ ರಾತ್ರಿ, ಅವನು ಒಬ್ಬನೇ ಕೂತು ಏನು ಮಾಡುತ್ತಾನೆ? ಯಾರ ಜೊತೆ ಮಾತಾಡುತ್ತಾನೆ?

ಈ ಕಡೆ ಕಥೆಯ ಪಕ್ಷದವರಿದ್ದಾರೆ. ಹತ್ತು ಪುಟದ ಪೂರ್ವಕಥೆ ಬರೆದು ತರುವವರು. ಅವರ ಬಗ್ಗೆ ನನ್ನ ಸಹನೆ ಇನ್ನೂ ಕಡಿಮೆ. ಪಾತಾಳದ ಒಡೆಯನೊಬ್ಬನಿಗೆ ಆತ್ಮ ಮಾರಿಕೊಂಡ ವಾರ್ಲಾಕ್ ಎಂದು ಮೂರು ಪುಟ ಇರುತ್ತದೆ. ಆಟ ಶುರುವಾಗಿ ವರ್ಷವಾದರೂ ಆ ಒಡೆಯ ಒಂದು ಸಲವೂ ಸಾಲ ಕೇಳಿ ಬರುವುದಿಲ್ಲ, ಬಂದರೆ ಆಟಗಾರನಿಗೆ ಸಿಟ್ಟು. ಬಡ್ಡಿಯಿಲ್ಲದ, ವಾಯಿದೆಯಿಲ್ಲದ, ವಸೂಲಿಯೂ ಇಲ್ಲದ ಸಾಲವನ್ನು ಸಾಲವೆನ್ನುವುದು ಹೇಗೆ? ಪೂರ್ವಕಥೆಯಲ್ಲಿ ತೆತ್ತ ಬೆಲೆ ಬೆಲೆಯಲ್ಲ. ಆಟದ ನಡುವೆ, ಎಲ್ಲರೂ ನೋಡುತ್ತಿರುವಾಗ, ತೆರದಿದ್ದರೂ ನಡೆಯುತ್ತಿತ್ತು ಎನ್ನುವ ಹೊತ್ತಿನಲ್ಲಿ ತೆತ್ತದ್ದು ಬೆಲೆ.

ಬೆಲೆಯನ್ನು ನಿಯಮದೊಳಗೇ ನೇಯ್ದ ಆಟಗಳೂ ಬಂದಿವೆ. ಜೋನಥನ್ ಟ್ವೀಟ್ ಮತ್ತು ಮಾರ್ಕ್ ರೀನ್-ಹೇಗನ್ 1987ರಲ್ಲಿ ತಂದ ‘ಆರ್ಸ್ ಮ್ಯಾಜಿಕಾ’ ನಡೆಯುವುದು ಮಧ್ಯಯುಗದ ಯುರೋಪಿನಲ್ಲಿ. ಅಲ್ಲಿ ಮಂತ್ರಗಳ ಸಿದ್ಧಪಟ್ಟಿಯೇ ಮುಖ್ಯವಲ್ಲ. ಸೃಷ್ಟಿಸು, ಅರಿ, ಮಾರ್ಪಡಿಸು, ನಾಶಮಾಡು, ನಿಯಂತ್ರಿಸು ಎಂಬ ಐದು ಕ್ರಿಯೆ. ನೀರು, ಬೆಂಕಿ, ದೇಹ, ಮನಸ್ಸು, ಬಿಂಬ ಹೀಗೆ ಹತ್ತು ವಸ್ತು. ಕ್ರಿಯೆಯನ್ನೂ ವಸ್ತುವನ್ನೂ ಕೂಡಿಸಿ ಮಂತ್ರ ಕಟ್ಟಬೇಕು. ಒಂದು ಜೋಡಿಯಲ್ಲಿ ಪಳಗಲು ವರ್ಷಗಟ್ಟಲೆ ಓದು ಬೇಕಾದ್ದರಿಂದ ಎಲ್ಲದರಲ್ಲೂ ಗಟ್ಟಿಗ ಎಂಬವನು ಅಲ್ಲಿ ಹುಟ್ಟುವುದೇ ಕಷ್ಟ. ಬಿಂಬವನ್ನು ನಾಶಮಾಡುವುದರಲ್ಲಿ ಮಾತ್ರ ನಿಷ್ಣಾತನಾದವನನ್ನು ಊಹಿಸಿ: ಅವನು ಮನುಷ್ಯನನ್ನು ಮರೆಮಾಡಬಲ್ಲ, ಸದ್ದನ್ನು, ವಾಸನೆಯನ್ನು ಇಲ್ಲವಾಗಿಸಬಲ್ಲ, ಒಂದು ದೀಪ ಹಚ್ಚಲು ಪರದಾಡುತ್ತಾನೆ. ಇಷ್ಟು ಸಾಲದು ಎಂಬಂತೆ, ಆ ಆಟದಲ್ಲಿ ಹುಟ್ಟಿನಿಂದ ಮಂತ್ರಶಕ್ತಿ ಇರುವವರನ್ನು ಕಂಡರೆ ಜನಕ್ಕೆ, ದನಕರುಗಳಿಗೆ ಕೂಡ ಕಾರಣವಿಲ್ಲದೆ ಅಪನಂಬಿಕೆ. ಸಂತೆಯಲ್ಲಿ ಕುದುರೆ ಕೊಳ್ಳಲೂ ಇನ್ನೊಬ್ಬರನ್ನು ಕಳಿಸಬೇಕು.

1998ರಲ್ಲಿ ಗ್ರೆಗ್ ಸ್ಟೋಲ್ಜ್, ಜಾನ್ ಟೈನ್ಸ್ ಬರೆದ ‘ಅನ್‌ನೋನ್ ಆರ್ಮೀಸ್’ ಇನ್ನೂ ಕ್ರೂರ. ಅದರ ಕಥೆ ನಡೆಯುವುದು ಇಂದಿನ ನಗರಗಳಲ್ಲಿ, ಮಂತ್ರಶಕ್ತಿ ಹುಟ್ಟುವುದು ಗೀಳಿನಿಂದ. ಒಬ್ಬನಿಗೆ ಹಣ ಕೂಡಿಟ್ಟಷ್ಟೂ ಶಕ್ತಿ. ಆದರೆ ಒಮ್ಮೆಲೇ ದೊಡ್ಡ ಮೊತ್ತ ಖರ್ಚು ಮಾಡಿದನೋ ಕೂಡಿಸಿದ ಶಕ್ತಿಯೆಲ್ಲ ಸೋರಿಹೋಗುತ್ತದೆ. ಕೋಟ್ಯಧೀಶನಾಗಿ ಹರಿದ ಚಪ್ಪಲಿಯಲ್ಲಿ ಓಡಾಡಬೇಕು. ಇನ್ನೊಬ್ಬನಿಗೆ ಶಕ್ತಿ ಬರುವುದು ಜೀವವನ್ನು ಪಣಕ್ಕಿಟ್ಟಾಗ. ಇವರು ಸಾಮಾನ್ಯ ಜನರ ಜೊತೆಗೂ ತಮ್ಮಂಥವರ ಜೊತೆಗೂ ಹೊಂದಲಾರದವರು. ಆದರೆ ಗೀಳು ಬೇರೆಯಾದ ಇಬ್ಬರು ಒಂದೇ ಹಾಗಿರುವುದಿಲ್ಲ.

ಹಾಗೆಂದು ಆಟವನ್ನೇ ಬದಲಿಸಬೇಕಾಗಿಲ್ಲ. ಐದನೇ ಆವೃತ್ತಿಯ ಸಾದಾ ವಿಝರ್ಡ್ ವೃತ್ತಿಯಲ್ಲೇ, ಒಂದು ಪೈಸೆಯ ಹೆಚ್ಚುವರಿ ಪುಸ್ತಕ ಕೊಳ್ಳದೆ, ಒಬ್ಬನನ್ನು ಕಟ್ಟಿ ತೋರಿಸುತ್ತೇನೆ. ಅವನು ಶಾನುಭೋಗ. ಊರಿನ ಲೆಕ್ಕ, ಗಡಿ, ಪಟ್ಟೆ, ಪಹಣಿ ಅವನ ಲೋಕ. ವಿಝರ್ಡನಿಗೆ ಮಂತ್ರದ ಪುಸ್ತಕ ಇರಲೇಬೇಕು, ಇವನದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವ ಕಪ್ಪು ಕಡತ. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಇಂಥವು ಉಳಿದುಬಂದಿವೆ. ಕಡತದ ಗುಣವೇನೆಂದರೆ ಬರೆದದ್ದನ್ನು ಒರೆಸಬಹುದು, ಒರೆಸಿದ ಜಾಗದಲ್ಲಿ ಮತ್ತೆ ಬರೆಯಬಹುದು.

ಮೊದಲ ಲೆವೆಲ್ಲಿನಲ್ಲಿ ವಿಝರ್ಡನಿಗೆ ಆರು ಮಂತ್ರ ಆರಿಸಿಕೊಳ್ಳುವ ಹಕ್ಕು. ಸಾಮಾನ್ಯವಾಗಿ ಎಲ್ಲರ ಕೈ ಮೊದಲು ಹೋಗುವುದು ಮ್ಯಾಜಿಕ್ ಮಿಸೈಲ್, ಸ್ಲೀಪ್, ಶೀಲ್ಡ್ ಕಡೆ. ಶಾನುಭೋಗ ಇವನ್ನು ಮುಟ್ಟುವುದಿಲ್ಲ. ರಿಚುವಲ್ ಎಂದು ಗುರುತಿಸಿದ ಮಂತ್ರಗಳು ಬೇರೆಯೇ ಇವೆ: ಮಾಮೂಲು ಸಮಯಕ್ಕಿಂತ ಹತ್ತು ನಿಮಿಷ ಹೆಚ್ಚು ಕೂತು ಮಾಡಿದರೆ ಅವಕ್ಕೆ ಮಂತ್ರಶಕ್ತಿ ಖರ್ಚಾಗುವುದಿಲ್ಲ. 2014ರ ಪುಸ್ತಕದಲ್ಲಿ ವಿಝರ್ಡನ ಮೊದಲ ಹಂತಕ್ಕೆ ಇಂಥವು ಎಂಟಿವೆ. ಅದರಲ್ಲಿ ಆರನ್ನು ಇವನು ತೆಗೆದುಕೊಳ್ಳುತ್ತಾನೆ: ವಸ್ತುವಿನ ಗುಣ ತಿಳಿಯುವುದು, ಬರದ ಭಾಷೆಯನ್ನು ಓದುವುದು, ಮಂತ್ರದ ಸುಳಿವು ಹಿಡಿಯುವುದು, ಗಡಿಗೆ ಕಾವಲು ಕಟ್ಟುವುದು, ಕಾಣದ ಆಳೊಬ್ಬನನ್ನು ಕರೆಯುವುದು, ಬೇಕಾದವರಿಗೆ ಮಾತ್ರ ಕಾಣುವ ಬರಹ ಬರೆಯುವುದು. ಶಾನುಭೋಗನಿಗೆ ಇನ್ನೇನು ಬೇಕು!

ಈಗ ನೋಡಿ, ಏನಾಯಿತು. ಇವನ ಪ್ರತಿಯೊಂದು ಕೆಲಸಕ್ಕೂ ಹತ್ತು ನಿಮಿಷ ಬೇಕು. ಹೋರಾಟದ ಒಂದು ಸುತ್ತು ಆಟದ ಲೆಕ್ಕದಲ್ಲಿ ಆರು ಸೆಕೆಂಡು. ಅಂದರೆ ಕತ್ತಿ ಹಿರಿದ ಮೇಲೆ ಇವನ ವಿದ್ಯೆಯ ಬಹುಪಾಲು ಕೆಲಸಕ್ಕೆ ಬಾರದು. ಹಿರಿಯುವ ಮೊದಲು ಇವನಷ್ಟು ಉಪಯುಕ್ತ ಮನುಷ್ಯ ಇನ್ನೊಬ್ಬನಿಲ್ಲ. ಬಾಗಿಲ ಆಚೆ ಹೆಜ್ಜೆಯ ಸಪ್ಪಳ ಕೇಳುತ್ತಿರುವಾಗ “ಸ್ವಲ್ಪ ತಡೀರಿ ಸ್ವಾಮಿ, ಹತ್ತು ನಿಮಿಷ” ಎನ್ನುವವನು. ಗುಂಪು ತಡೆಯುತ್ತದೋ ಇಲ್ಲವೋ ಎಂಬುದೇ ಆಟವಾಗುತ್ತದೆ. ವಸ್ತುವಿನ ಗುಣ ತಿಳಿಯುವ ಮಂತ್ರಕ್ಕೆ ನೂರು ಚಿನ್ನದ ನಾಣ್ಯ ಬೆಲೆಯ ಮುತ್ತು ಬೇಕು, ಇದು ಚೀಲದಲ್ಲಿ ಪುಕ್ಕಟೆ ಸಿಗುವ ಸಾಮಗ್ರಿಯಲ್ಲ. ಹೊಸ ಪಾತ್ರದ ಕೈಯಲ್ಲಿ ಅಷ್ಟು ಹಣ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾದರೆ ಕಡತದಲ್ಲಿ ಬರೆದಿಟ್ಟ ಮಂತ್ರವೊಂದು ಇವನಿಗೆ ಇನ್ನೂ ದಕ್ಕಿಲ್ಲ. ಮುತ್ತು ಯಾರಲ್ಲಿದೆ, ಅವರು ಯಾಕೆ ಕೊಟ್ಟಾರು? ಮೂರು ಪುಟದ ಪೂರ್ವಕಥೆ ಇಲ್ಲದೆಯೇ ಡಿಎಂಗೆ ಕಥೆಯ ಎಳೆ ಸಿಕ್ಕಿತು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ದಾಟಿಹೋಗುವಂತಿಲ್ಲ. ನಿನ್ನ ಮಿತಿಯ ಶೋಕಿಗೆ ನಾವೇಕೆ ಸಾಯಬೇಕು ಎಂದು ಜೊತೆಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾಯ ಮಾಯಿಸಲು ಒಪ್ಪದ ಪುರೋಹಿತ, ಮಾತೇ ಆಡದ ಹಾಡುಗಾರ, ಇವೆಲ್ಲ ಹೇಳಲು ಚೆಂದ, ಪಕ್ಕದಲ್ಲಿ ಕೂತವರಿಗೆ ಪೀಡೆ. ಟೆರ್ರಿ ಪ್ರ್ಯಾಚೆಟ್‌ನ ಕಾದಂಬರಿಗಳಲ್ಲಿ ರಿನ್ಸ್‌ವಿಂಡ್ ಎಂಬ ಮಂತ್ರವಾದಿಯಿದ್ದಾನೆ. ಒಂದು ಮಹಾಮಂತ್ರ ತಲೆಯಲ್ಲಿ ಹೊಕ್ಕು ಕೂತಿರುವುದರಿಂದ ಬೇರೆ ಯಾವ ಮಂತ್ರವೂ ಅವನಿಗೆ ಹತ್ತುವುದಿಲ್ಲ. ಓದಲು ಮಜಾ. ಆದರೆ ಕಾದಂಬರಿಯಲ್ಲಿ ಅವನ ಸರದಿಗಾಗಿ ಯಾರೂ ಕಾಯುತ್ತಿರುವುದಿಲ್ಲ. ಮೇಜಿನ ಸುತ್ತ ನಾಲ್ಕು ಜನ ಕಾಯುತ್ತಿರುತ್ತಾರೆ.

ತಾಳಮದ್ದಳೆ ಕೇಳಿದವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಅಲ್ಲಿಯೂ ವೇಷವಿಲ್ಲ, ಬರೆದಿಟ್ಟ ಮಾತಿಲ್ಲ, ಕೂತಲ್ಲೇ ಪಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿ ರಾಮನನ್ನು ಮಾತಿನಲ್ಲಿ ಎಷ್ಟೇ ಇಕ್ಕಟ್ಟಿಗೆ ಸಿಕ್ಕಿಸಲಿ, ಪ್ರಸಂಗ ಮುಂದೆ ಸಾಗಲೇಬೇಕು, ವಾಲಿ ಸಾಯಲೇಬೇಕು. ಎದುರಿನ ಅರ್ಥಧಾರಿಗೆ ಹೇಳಲು ಮಾತೇ ಇಲ್ಲದಂತೆ ಮಾಡುವುದು ಗೆಲುವಲ್ಲ. ಅವನಿಂದ ಇನ್ನೂ ಒಳ್ಳೆಯ ಮಾತು ಹೊರಡಿಸುವುದು ಗೆಲುವು. ಮಂತ್ರವಾದಿಯ ಮಿತಿಗೂ ಇದೇ ಅಳತೆಗೋಲು. ಜೊತೆಯವರಿಗೆ ಅದು ಮಾಡಲು ಏನಾದರೂ ಕೊಡುತ್ತದೆಯೇ? ಇದೇ ಆಟವನ್ನು ಆಡಿ ತೋರಿಸುವ ‘ಕ್ರಿಟಿಕಲ್ ರೋಲ್’ ಎಂಬ ಜನಪ್ರಿಯ ಕಾರ್ಯಕ್ರಮದ ಎರಡನೇ ಕಥಾಸರಣಿ 2018ರಲ್ಲಿ ಶುರುವಾಯಿತು. ಅದರಲ್ಲಿ ಲಿಯಮ್ ಓಬ್ರಿಯನ್ ಆಡಿದ ಕೇಲೆಬ್ ಬೆಂಕಿಯ ಮಂತ್ರದಲ್ಲಿ ಗಟ್ಟಿಗ. ಆದರೆ ಹೆತ್ತವರನ್ನು ಬೆಂಕಿಯಲ್ಲಿ ಸುಟ್ಟ ನೆನಪು ಅವನನ್ನು ಬಿಟ್ಟಿಲ್ಲ. ಆರಂಭದ ದಿನಗಳಲ್ಲಿ ಬೆಂಕಿಯಿಂದ ಯಾರನ್ನಾದರೂ ಕೊಂದಾಗ ಮರಗಟ್ಟಿ ನಿಂತುಬಿಡುತ್ತಾನೆ, ಜೊತೆಯವರು ಬಂದು ಅಲುಗಿಸಿ ಎಚ್ಚರಿಸಬೇಕು. ಅವನು ಮಂತ್ರ ಆಡುತ್ತಾನೆ, ಗುಂಪಿಗೆ ಕೈಕೊಡುವುದಿಲ್ಲ. ಆಡಿದ ಮೇಲೆ ಬೆಲೆ ತೆರುತ್ತಾನೆ. ತೆರುವ ಹೊತ್ತಿನಲ್ಲಿ ಗೆಳೆಯರಿಗೊಂದು ಕೆಲಸ ಸಿಗುತ್ತದೆ. ಮಿತಿಯನ್ನು ಎಲ್ಲಿಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾಗಿ ನಮ್ಮ ಶಾನುಭೋಗನಿಗೂ ಒಂದು ತಿದ್ದುಪಡಿ ಬೇಕು. ಕಿರುಮಂತ್ರಗಳಲ್ಲಿ ಒಂದಾದರೂ ಹೊಡೆದಾಟಕ್ಕೆ ಒದಗುವಂಥದ್ದಿರಲಿ. ತೀರಾ ಕೈಕಟ್ಟಿ ಕೂರುವುದು ಬೇಡ. ಅದರ ಬದಲು ಮಿತಿಯನ್ನು ಕಡತದಲ್ಲಿಡೋಣ. ನಿಯಮದಂತೆ ಮಂತ್ರದ ಪುಸ್ತಕಕ್ಕೆ ನೂರು ಹಾಳೆ, ತುಂಬುವ ಭಯವೇ ಇಲ್ಲ. ಡಿಎಂ ಜೊತೆ ಮಾತಾಡಿ ಒಂದು ಮನೆನಿಯಮ ಮಾಡಿಕೊಂಡರೆ ಆಯಿತು: ಕಡತಕ್ಕೆ ಹತ್ತೇ ಮಡಿಕೆ, ಮಡಿಕೆಗೊಂದು ಮಂತ್ರ. ಆರಂಭದ ಆರು, ಲೆವೆಲ್ಲಿಗೆ ಎರಡರಂತೆ ಮೂರನೇ ಲೆವೆಲ್ಲಿಗೇ ಕಡತ ಭರ್ತಿ. ಆಮೇಲೆ ಹೊಸದು ಬರೆಯಬೇಕಾದರೆ ಹಳೆಯದೊಂದನ್ನು ಒರೆಸಬೇಕು.

ಐದನೇ ಲೆವೆಲ್ಲಿನಲ್ಲಿ ಯಾವುದೋ ಗೋರಿಯೊಳಗೆ ಫೈರ್‌ಬಾಲ್ ಬರೆದ ಸುರುಳಿ ಸಿಗುತ್ತದೆ. ಸಿಗುವ ಹಾಗೆ ಡಿಎಂ ನೋಡಿಕೊಳ್ಳಬೇಕು. ನಕಲು ಮಾಡಲು ಆರು ಗಂಟೆ, ನೂರೈವತ್ತು ಚಿನ್ನದ ನಾಣ್ಯ. ದಾಳ ಕೈಕೊಟ್ಟರೆ ನಕಲೂ ಇಲ್ಲ, ಸುರುಳಿಯೂ ಉಳಿಯುವುದಿಲ್ಲ. ಹೋರಾಡುವ ಗೆಳತಿ ಕೇಳುತ್ತಾಳೆ, ಇನ್ನೂ ಯೋಚನೆ ಮಾಡುತ್ತಿದ್ದೀಯಾ, ಕಳೆದ ವಾರ ಸತ್ತೇ ಹೋಗುತ್ತಿದ್ದೆವಲ್ಲ ಎಂದು. ಅವಳ ಮಾತು ಸರಿಯಾಗಿಯೇ ಇದೆ. ಕಾವಲಿನ ಮಂತ್ರ ಒರೆಸಿದರೆ ರಾತ್ರಿ ಸರದಿಯ ಮೇಲೆ ಎಚ್ಚರವಿರಬೇಕಾದವರು ಗುಂಪಿನವರೇ. ಭಾಷೆಯ ಮಂತ್ರ ಒರೆಸಿದರೆ ಮುಂದಿನ ಗೋರಿಯ ಶಾಸನ ಓದುವವರಿಲ್ಲ. ನನ್ನನ್ನು ಕೇಳಿದರೆ ಶಾನುಭೋಗ ಒರೆಸುವುದು ಬೇಕಾದವರಿಗೆ ಮಾತ್ರ ಕಾಣುವ ಬರಹದ ಮಂತ್ರವನ್ನು. ಆರಂಭದ ಆರರಲ್ಲಿ ಗುಂಪಿಗೆ ಅತಿ ಕಡಿಮೆ ಉಪಯೋಗದ್ದು, ಅವನಿಗೆ ಅತಿ ಪ್ರಿಯವಾದದ್ದು ಅದು. ಆ ಬರಹದಲ್ಲಿ ಅವನು ಇಷ್ಟು ದಿನ ಯಾರಿಗೆ ಕಾಗದ ಬರೆಯುತ್ತಿದ್ದ ಎಂದು ಯಾರಾದರೂ ಆಗ ಕೇಳಿದರೆ, ಆಟಗಾರ ಉತ್ತರ ಸಿದ್ಧವಿಟ್ಟುಕೊಂಡಿರಬೇಕು.